ನೀರು ಎತ್ತ ಹೊರಟಿದೆ ನೋಡು: ಅಂಗಳದಲ್ಲಿ ಭಾರತದ ನಕ್ಷೆ ಬರೆಯುವ ಬಗೆ

ನಾನು 27 ವರ್ಷ ಲಾರಿ ಓಡಿಸಿದವನು. ಓದಿದ್ದು ಏಳನೇ ತರಗತಿ. ಇಂಡಿ ಕಡೆಯ ನಿಂಬೆಹಣ್ಣು, ತಿಕೋಟಾ ಕಡೆಯ ಒಣದ್ರಾಕ್ಷಿ, ಉಳ್ಳಾಗಡ್ಡಿ, ಮಹಾಲಿಂಗಪುರದ ಬೆಲ್ಲ, ಏನು ಸಿಕ್ಕರೆ ಅದನ್ನು ಹೇರಿಕೊಂಡು ಹೋಗುತ್ತಿದ್ದೆ. ಈಗ ಎಡಮೊಣಕಾಲು ಕ್ಲಚ್ ಒತ್ತಲು ಒಪ್ಪುವುದಿಲ್ಲ. ಹಾಗಾಗಿ ವಿಜಯಪುರದ ಮನೆಯಲ್ಲಿ ಕೂತಿದ್ದೇನೆ.

ಹೋದ ಬೇಸಿಗೆಯಲ್ಲಿ ಒಂಬತ್ತನೇ ತರಗತಿಯ ಮೊಮ್ಮಗಳು ಕಟ್ಟೆ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದಳು. "ನರ್ಮದಾ ಪಶ್ಚಿಮಕ್ಕೆ ಹರಿಯುವ ನದಿ, ನರ್ಮದಾ ಪಶ್ಚಿಮಕ್ಕೆ ಹರಿಯುವ ನದಿ." ಹತ್ತು ಸಲ ಆಯಿತು. ನರ್ಮದಾ ಎಲ್ಲಿದೆ ತೋರಿಸು ಅಂದೆ. ಪುಸ್ತಕದ ನಕ್ಷೆಯಲ್ಲಿ ಅವಳ ಬೆರಳು ಒರಿಸ್ಸಾದ ಹತ್ತಿರ ನಿಂತಿತು. ಅಲ್ಲಿಂದ ಶುರುವಾಯಿತು ನಮ್ಮ ಅಂಗಳದ ಪಾಠ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿದ್ದರೆ ಮಾಡಿಸಿ, ಪಿಡಿಒ ಪರೀಕ್ಷೆ ಓದುವವರಿದ್ದರೆ ಅವರೂ ಮಾಡಲಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಚಾಕ್, ನೀಲಿ ಉಲ್ಲನ್ ದಾರ, ಒಂದು ಬೊಗಸೆ ಸಣ್ಣ ಕಲ್ಲು, ಒಂದು ಬಟ್ಟಲು ಜೋಳ, ಆರು ಅಡಿ ಸಪಾಟು ನೆಲ. ಪಕ್ಕದಲ್ಲಿ ಸರ್ವೇ ಆಫ್ ಇಂಡಿಯಾದ ಗಡಿ ಇರುವ ಒಂದು ಒಳ್ಳೆಯ ನಕ್ಷೆ ಇರಲಿ. ಮೊಬೈಲ್‌ನಲ್ಲಿ ಸಿಗುವ ಎಲ್ಲ ನಕ್ಷೆಗಳಲ್ಲೂ ಕಾಶ್ಮೀರದ ಗಡಿ ನಮ್ಮ ಪುಸ್ತಕದಲ್ಲಿ ಇರುವಂತೆ ಇರುವುದಿಲ್ಲ. ಪರೀಕ್ಷೆಗೆ ಬೇಕಾದದ್ದು ಪುಸ್ತಕದ ಗಡಿ.

ಮೊದಲು ಪೆಟ್ಟಿಗೆ

ನಮ್ಮ ದೇಶ ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ. ಪೂರ್ವದಿಂದ ಪಶ್ಚಿಮಕ್ಕೆ 2,933 ಕಿ.ಮೀ. ಅಂದರೆ ಹೆಚ್ಚುಕಡಿಮೆ ಚೌಕ. ಒಂದು ಗೇಣಿಗೆ 400 ಕಿ.ಮೀ. ಅಂತ ಲೆಕ್ಕ ಹಿಡಿಯಿರಿ. ಎತ್ತರ ಎಂಟು ಗೇಣು, ಅಗಲ ಏಳು ಗೇಣು ನಾಲ್ಕು ಬೆರಳು. ಚಾಕಿನಲ್ಲಿ ಪೆಟ್ಟಿಗೆ ಎಳೆಯಿರಿ.

ಒಂದು ಎಚ್ಚರಿಕೆ. ಅಳತೆಗೆ ಒಬ್ಬರದೇ ಕೈ ಇರಲಿ. ಮೊದಲ ದಿನ ಎತ್ತರವನ್ನು ನಾನು ಅಳೆದೆ, ಅಗಲವನ್ನು ಮೊಮ್ಮಗಳು ಅಳೆದಳು. ಭಾರತ ಬಡಕಲಾಗಿ ನಿಂತಿತು, ಮೂರು ದಿನ ಉಪವಾಸ ಇದ್ದವರ ಹಾಗೆ.

ಈಗ ಎರಡು ಗೆರೆ. ಅಗಲವನ್ನು ಸರಿಯಾಗಿ ಅರ್ಧ ಮಾಡಿ ಮೇಲಿಂದ ಕೆಳಗೆ ಒಂದು. ಇದು 82 ಡಿಗ್ರಿ 30 ನಿಮಿಷದ ರೇಖಾಂಶ, ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಇಡೀ ದೇಶದ ಗಡಿಯಾರ ಇದರ ಮೇಲೆ ನಿಂತಿದೆ. ಅಡ್ಡಗೆರೆಯನ್ನು ಕೆಳಗಿನಿಂದ ನಾಲ್ಕು ಗೇಣು ನಾಲ್ಕು ಬೆರಳು ಎತ್ತರಕ್ಕೆ ಎಳೆಯಿರಿ. ಅದು ಕರ್ಕಾಟಕ ಸಂಕ್ರಾಂತಿ ವೃತ್ತ, 23 ಡಿಗ್ರಿ 30 ನಿಮಿಷ. ಎರಡೂ ಕೂಡುವುದು ಛತ್ತೀಸಗಡದ ಉತ್ತರದ ತುದಿಯಲ್ಲಿ. ಅಡ್ಡಗೆರೆ ಹಾಯುವ ರಾಜ್ಯ ಎಂಟು: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಡ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ.

ಗಡಿಯಾರದ ಗೆರೆಯ ಬಗ್ಗೆ ಒಂದು ಮಾತು. ಒಂದು ಡಿಗ್ರಿಗೆ ಸೂರ್ಯ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. ದೇಶದ ಅಗಲ ಸುಮಾರು 29 ಡಿಗ್ರಿ. ಹಾಗಾಗಿ ಅರುಣಾಚಲಕ್ಕೂ ಗುಜರಾತಿಗೂ ಸುಮಾರು ಎರಡು ತಾಸಿನ ವ್ಯತ್ಯಾಸ. ಒಮ್ಮೆ ಜೂನ್ ತಿಂಗಳಲ್ಲಿ ಗುವಾಹಾಟಿಯ ಹತ್ತಿರ ಲಾರಿಯಲ್ಲೇ ಮಲಗಿದ್ದೆ. ಕಣ್ಣು ಬಿಟ್ಟರೆ ಬಿಸಿಲು ಮುಖದ ಮೇಲೆ. ಅಯ್ಯೋ, ಎಂಟು ಗಂಟೆ ಆಯಿತು, ಮಾಲಿನವರು ಬೈಯುತ್ತಾರೆ ಅಂತ ಎದ್ದೆ. ಕೈಗಡಿಯಾರದಲ್ಲಿ ಐದು ಆಗಿರಲಿಲ್ಲ. ಅಲ್ಲಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ನಮ್ಮ ವಿಜಯಪುರ ಗೆರೆಯ ಎಡಕ್ಕಿದೆ, ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ. ಅಂಗಳದಲ್ಲಿ ಕೋಲು ನೆಟ್ಟು ನೆರಳು ನೋಡಿ, ಗೊತ್ತಾಗುತ್ತದೆ.

ಇನ್ನು ಚುಕ್ಕಿಗಳು. ಕೆಳಗೆರೆಯಲ್ಲಿ ಎಡದಿಂದ ಎರಡು ಗೇಣು ನಾಲ್ಕು ಬೆರಳಿಗೆ ಕನ್ಯಾಕುಮಾರಿ. ಎಡಗೆರೆಯಲ್ಲಿ ಅಡ್ಡಗೆರೆ ಮುಟ್ಟುವ ಕಡೆ ಕಛ್. ಬಲಗೆರೆಯಲ್ಲಿ ಕೆಳಗಿನಿಂದ ಐದೂವರೆ ಗೇಣಿಗೆ ಅರುಣಾಚಲದ ತುದಿ. ಮೇಲ್ಗೆರೆಯಲ್ಲಿ ಎಡದಿಂದ ಒಂದೂವರೆ ಗೇಣಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಲಡಾಖಿನ ನೆತ್ತಿ. ಆಮೇಲೆ ಊರುಗಳು. ಕೆಳಗಿನಿಂದ ಮೂರು, ಎಡದಿಂದ ಒಂದು ಗೇಣು ಎರಡು ಬೆರಳಿಗೆ ಮುಂಬೈ. ಕೆಳಗಿನಿಂದ ಒಂದೂವರೆ, ಎಡದಿಂದ ಮೂರಕ್ಕೆ ಚೆನ್ನೈ. ನಾಲ್ಕು ಮತ್ತು ಐದಕ್ಕೆ ಕೋಲ್ಕತ್ತಾ. ದಿಲ್ಲಿಗೆ ಲೆಕ್ಕವೇ ಬೇಡ. ಕನ್ಯಾಕುಮಾರಿಯಿಂದ ನೇರ ಮೇಲಕ್ಕೆ ಐದೂ ಮುಕ್ಕಾಲು ಗೇಣು ಏರಿದರೆ ಅಲ್ಲೇ ದಿಲ್ಲಿ. ಬೆಂಗಳೂರೂ ಅದೇ ನೇರದಲ್ಲಿ ಬರುತ್ತದೆ. ವಿಜಯಪುರ ಕೆಳಗಿನಿಂದ ಎರಡೂವರೆ, ಎಡದಿಂದ ಎರಡು. ಇಷ್ಟು ಚುಕ್ಕಿ ಕೂತರೆ ಕರಾವಳಿಯ ಗೆರೆಯನ್ನು ಕೈ ತಾನೇ ಎಳೆಯುತ್ತದೆ. ವಂಕಿ ಟಿಂಕಿ ಆದರೂ ಪರವಾಗಿಲ್ಲ.

ಕರಾವಳಿಯ ಉದ್ದ ಎಷ್ಟು ಅಂತ ಕೇಳಿದರೆ ಹಳೇ ಪುಸ್ತಕದಲ್ಲಿ 7,516 ಕಿ.ಮೀ. ಇದೆ. ಈಚೆಗೆ ಮತ್ತೆ ಅಳೆದು 11,098 ಅಂತ ಹೇಳಿದ್ದಾರೆ. ಸಮುದ್ರ ಬೆಳೆದಿಲ್ಲ. ಮೊದಲು ದೊಡ್ಡ ಹೆಜ್ಜೆಯಲ್ಲಿ ಅಳೆದಿದ್ದರು, ಈಗ ಪ್ರತಿ ಮೂಲೆ ಪ್ರತಿ ಸಂದಿಗೆ ಟೇಪು ತೂರಿಸಿದ್ದಾರೆ.

ಒಂದು ರಸ್ತೆ ಹಿಡಿಯಿರಿ, ಸೇತುವೆ ಬಂದಲ್ಲಿ ನಿಲ್ಲಿ

ಇದೇ ನನ್ನ ಗುಟ್ಟು. ರಾಜ್ಯಗಳ ಹೆಸರಿನಿಂದ ಶುರು ಮಾಡಬೇಡಿ. ಪರ್ವತಗಳ ಪಟ್ಟಿಯಿಂದಲೂ ಬೇಡ. ಒಂದು ಉದ್ದನೆಯ ರಸ್ತೆ ಹಿಡಿದು, ಪ್ರತಿ ಸೇತುವೆಯ ಮೇಲೂ ಒಂದೇ ಪ್ರಶ್ನೆ ಕೇಳಿ: ನೀರು ಎತ್ತ ಹೊರಟಿದೆ? ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ. ನೆಲ ಎತ್ತ ಇಳಿಜಾರೋ ಅತ್ತ ಹೋಗುತ್ತದೆ. ಅದರ ದಿಕ್ಕು ಬದಲಾಯಿತು ಅಂದರೆ ನಡುವೆ ಒಂದು ಬೆಟ್ಟಸಾಲು ದಾಟಿ ಬಂದಿದ್ದೀರಿ ಅಂತಲೇ ಅರ್ಥ.

ನಮ್ಮ ಅದೃಷ್ಟ, ವಿಜಯಪುರದ ಪಕ್ಕದಲ್ಲೇ ಅಂಥ ರಸ್ತೆ ಇದೆ. ರಾಷ್ಟ್ರೀಯ ಹೆದ್ದಾರಿ 52. ಅಂಕೋಲೆಯಿಂದ ಪಂಜಾಬಿನ ಸಂಗ್ರೂರಿನ ತನಕ ಸುಮಾರು 2,300 ಕಿ.ಮೀ. ಹಿಮಾಲಯ, ಈಶಾನ್ಯ, ಪೂರ್ವ ಕರಾವಳಿ, ದ್ವೀಪ ಇಷ್ಟು ಬಿಟ್ಟರೆ ದೇಶದ ಎಲ್ಲ ಬಗೆಯ ನೆಲವನ್ನೂ ಇದೊಂದೇ ರಸ್ತೆ ತೋರಿಸುತ್ತದೆ. ನಕ್ಷೆಯ ಮೇಲೆ ಈ ರಸ್ತೆಯನ್ನು ಚಾಕಿನಲ್ಲಿ ಎಳೆದುಕೊಂಡು ನನ್ನ ಜೊತೆ ಬನ್ನಿ.

ಅಂಕೋಲೆಯಲ್ಲಿ ಸಮುದ್ರ. ಪಕ್ಕದಲ್ಲಿ ಬೇಡ್ತಿ ಹೊಳೆ, ಕೆಳಗೆ ಅದನ್ನೇ ಗಂಗಾವಳಿ ಅನ್ನುತ್ತಾರೆ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ. ಅಲ್ಲಿಂದ ಅರಬೈಲ್ ಘಾಟ್ ಏರಬೇಕು. ಜುಲೈನಲ್ಲಿ ಅಲ್ಲಿ ವೈಪರ್ ಸೋತುಹೋಗುತ್ತದೆ. ಯಲ್ಲಾಪುರ ದಾಟಿ ಹುಬ್ಬಳ್ಳಿ ಬಿಟ್ಟು ನವಲಗುಂದಕ್ಕೆ ಬರುವಷ್ಟರಲ್ಲಿ ಗಾಜಿನ ಮೇಲೆ ಧೂಳು. ಅರ್ಧ ದಿನದ ದಾರಿಯಲ್ಲಿ ಇಷ್ಟು ವ್ಯತ್ಯಾಸ. ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು, ಮೇಲೇರಿ, ತಣ್ಣಗಾಗಿ ಇದ್ದದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ನಮಗೆ ಬರುವುದು ಅದರ ಉಳಿಕೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆಗಾಲ ಅಂದರೆ ಛತ್ರಿ ಮಡಚುವ ಹಾಗಿಲ್ಲ. ವಿಜಯಪುರಕ್ಕೆ ಇಡೀ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆನೆರಳು ಅನ್ನುವುದು ಇದಕ್ಕೇ. ಆ ಶಬ್ದ ಬಾಯಿಪಾಠ ಬೇಡ, ವೈಪರ್ ನೆನಪಿಟ್ಟುಕೊಳ್ಳಿ.

ಘಟ್ಟ ಹತ್ತಿದ ಮೇಲೆ ಸೇತುವೆಗಳನ್ನು ನೋಡಿ. ಕೊಣ್ಣೂರಿನಲ್ಲಿ ಮಲಪ್ರಭಾ. ಅನಗವಾಡಿಯಲ್ಲಿ ಘಟಪ್ರಭಾ. ಕೊಲ್ಹಾರದಲ್ಲಿ ಕೃಷ್ಣಾ, ಆಲಮಟ್ಟಿಯ ಹಿನ್ನೀರು ನಿಂತಾಗ ಸಮುದ್ರದ ಹಾಗೇ ಕಾಣುತ್ತದೆ. ವಿಜಯಪುರ ದಾಟಿ ಧೂಳಖೇಡದಲ್ಲಿ ಭೀಮಾ. ನಾಲ್ಕೂ ಪೂರ್ವದ ಕಡೆಗೇ ಹೊರಟಿವೆ. ಬೀಡ ದಾಟಿದ ಮೇಲೆ ಗೋದಾವರಿ, ಅದೂ ಪೂರ್ವಕ್ಕೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಕೃಷ್ಣಾ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅರಬ್ಬೀ ಸಮುದ್ರ ಅಲ್ಲಿಂದ 70 ಕಿ.ಮೀ. ಒಳಗೇ ಇದೆ. ಆದರೂ ಅತ್ತ ಹೋಗದೆ ಸುಮಾರು 1,400 ಕಿ.ಮೀ. ಸುತ್ತಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಯಾಕೆ? ದಖನ್ ಪ್ರಸ್ಥಭೂಮಿ ಪಶ್ಚಿಮದಲ್ಲಿ ಎತ್ತರ, ಪೂರ್ವಕ್ಕೆ ತಗ್ಗು. ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮಂಚದ ಹಾಗೆ. ಈ ಒಂದು ಮಾತು ತಲೆಯಲ್ಲಿ ಕೂತರೆ ಗೋದಾವರಿ, ಕೃಷ್ಣಾ, ಕಾವೇರಿ ಮೂರನ್ನೂ ಬೇರೆಬೇರೆ ನೆನಪಿಡುವ ಕೆಲಸ ಇಲ್ಲ.

ಮಣ್ಣನ್ನೂ ನೋಡುತ್ತಾ ಹೋಗಿ. ನಮ್ಮ ಡೋಣಿ ಹೊಳೆ ಸಾಲಿನ ಎರೆ ಮಣ್ಣು ಎಂಥದ್ದು ಅಂತ ಹೇಳಬೇಕಾಗಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ ಅಂತಾರೆ ನಮ್ಮ ಕಡೆ. ಮಳೆ ಬಿದ್ದರೆ ಅದೇ ಎರೆ ಲಾರಿಯ ಗಾಲಿ ಹಿಡಿದು ಬಿಡುವುದಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರ ಕೂತು ಕರಿಕಲ್ಲಾಯಿತು. ಅದು ಕರಗಿ ಎರೆಯಾಯಿತು. ಈ ಕರಿನೆಲ ಇಲ್ಲಿಂದ ಮಧ್ಯಪ್ರದೇಶದ ಇಂದೋರಿನ ತನಕ ಸಿಗುತ್ತದೆ. ಇಂದೋರಿನ ಹತ್ತಿರ ಗಾಲಿ ಸಿಕ್ಕಾಗ ಕ್ಲೀನರ್ ಹುಡುಗ, "ಅಣ್ಣಾ, ಇದು ನಮ್ಮ ಹೊಲದ ಮಣ್ಣೇ" ಅಂದಿದ್ದ. ಅವನು ತಪ್ಪು ಹೇಳಿರಲಿಲ್ಲ. ಆದರೆ ಬಾದಾಮಿಯ ಕೆಂಪು ಮರಳುಗಲ್ಲು ಈ ಮನೆತನದ್ದಲ್ಲ, ಅದು ಲಾವಾಕ್ಕಿಂತ ಬಹಳ ಹಳೆಯದು.

ಛತ್ರಪತಿ ಸಂಭಾಜಿನಗರ (ಮೊದಲಿನ ಔರಂಗಾಬಾದ್) ದಾಟಿ ಮುಂದೆ ಹೋದರೆ ಒಂದು ಊರು, ಹೆಸರು ಕನ್ನಡ. ಹೌದು, ಮಹಾರಾಷ್ಟ್ರದಲ್ಲಿ. ಬೋರ್ಡು ನೋಡಿ ಮೊದಲ ಸಲ ಲಾರಿ ನಿಲ್ಲಿಸಿದ್ದೆ. ಅಲ್ಲಿ ಚಹಾ ಕೊಟ್ಟವನಿಗೆ ಕನ್ನಡ ಬರುತ್ತಿರಲಿಲ್ಲ. ಅಲ್ಲಿಂದ ಚಾಳೀಸಗಾಂವ್ ಕಡೆ ಘಾಟ್ ಇಳಿಯುತ್ತದೆ. ಇದು ಮುಖ್ಯ ಜಾಗ. ಘಾಟಿನ ಮೇಲೆ ಬಿದ್ದ ಮಳೆ ಗೋದಾವರಿಗೆ, ಕೆಳಗೆ ಬಿದ್ದದ್ದು ತಾಪಿಗೆ. ಧುಳೆ ದಾಟಿ ಶಿರಪುರದ ಹತ್ತಿರ ತಾಪಿ ಸೇತುವೆ ಬರುತ್ತದೆ. ನೀರು ನೋಡಿ: ಪಶ್ಚಿಮಕ್ಕೆ! ಇಷ್ಟು ಹೊತ್ತು ಪೂರ್ವ ಪೂರ್ವ ಅಂತ ಬಂದವರಿಗೆ ಇಲ್ಲಿ ಉಲ್ಟಾ. ಮುಂದೆ ಸೇಂಧವಾದ ಹತ್ತಿರ ಸಾತ್ಪುಡಾ ಬೆಟ್ಟ ಏರಿ ಇಳಿದರೆ ಖಲಘಾಟಿನಲ್ಲಿ ನರ್ಮದೆ. ಅದೂ ಪಶ್ಚಿಮಕ್ಕೆ, ಸುಮಾರು 1,300 ಕಿ.ಮೀ. ಉದ್ದ. ಎರಡೂ ನದಿ ಬೆಟ್ಟಸಾಲುಗಳ ನಡುವೆ ಕುಸಿದ ಉದ್ದನೆಯ ತಗ್ಗಿನಲ್ಲಿ ಹರಿಯುತ್ತವೆ. ಮಂಚ ಪೂರ್ವಕ್ಕೆ ವಾಲಿದ್ದರೂ ಇವೆರಡಕ್ಕೆ ಬೇರೆಯೇ ಮೋರಿ ಸಿಕ್ಕಿತು ಅಂತ ತಿಳಿಯಿರಿ.

ನರ್ಮದೆ ದಾಟಿದ ಮೇಲೆ ಮಾನಪುರದ ಕಡೆ ವಿಂಧ್ಯದ ಏರು. ಲೋಡ್ ಇದ್ದರೆ ಒಂದನೇ ಗೇರಿನಲ್ಲಿ ಇರುವೆ ಹೋದಂತೆ ಹೋಗಬೇಕು. ಇಳಿಯುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ. ಮೇಲೆ ಹತ್ತಿ ಇಂದೋರ್ ಮುಟ್ಟಿದರೆ ನೀರು ಮತ್ತೆ ತಿರುಗಿರುತ್ತದೆ. ಉಜ್ಜಯಿನಿಯ ಕ್ಷಿಪ್ರಾ ಉತ್ತರಕ್ಕೆ ಹರಿಯುತ್ತದೆ. ಚಂಬಲಿಗೆ ಸೇರುತ್ತದೆ. ಕೋಟಾದಲ್ಲಿ ಚಂಬಲ್ ಸಿಗುತ್ತದೆ, ಅದೂ ಉತ್ತರಕ್ಕೆ. ಯಮುನೆ ಸೇರಿ, ಗಂಗೆ ಸೇರಿ, ಬಂಗಾಳ ಕೊಲ್ಲಿಗೆ. ಅಂದರೆ ಇಂದೋರಿನ ಮಳೆ ಕಾಶಿ ನೋಡಿಕೊಂಡು ಸಮುದ್ರಕ್ಕೆ ಹೋಗುತ್ತದೆ. ಇದನ್ನು ಕೇಳಿ ಮೊಮ್ಮಗಳು ಮೊದಲ ಸಲ ತಾನಾಗಿಯೇ ಚಾಕ್ ತೆಗೆದುಕೊಂಡಳು.

ಬೂಂದಿ, ಜೈಪುರದ ಹತ್ತಿರ ಅರಾವಳಿ. ಬಹಳ ಹಳೆಯ ಬೆಟ್ಟ, ಸವೆದು ಸವೆದು ಕುಳ್ಳಾಗಿದೆ. ಅದರ ಅತಿ ಎತ್ತರದ ಗುರುಶಿಖರವೇ 1,722 ಮೀಟರ್. ನಂತರ ಸೀಕರ್, ಚೂರು. ಮರಳು. 2019ರ ಜೂನ್‌ನಲ್ಲಿ ಚೂರುವಿನಲ್ಲಿ 50 ಡಿಗ್ರಿ ದಾಟಿತ್ತು. ಚಳಿಗಾಲದಲ್ಲಿ ಅದೇ ಊರಿನಲ್ಲಿ ಸೊನ್ನೆಗಿಂತ ಕೆಳಗೆ. ಹಗಲು ಟೈರ್ ಬಿಸಿ, ರಾತ್ರಿ ಕಂಬಳಿ ಎರಡು. ಹಿಸಾರ್ ದಾಟಿ ಖನೌರಿಯಲ್ಲಿ ಘಗ್ಗರ್. ಇಲ್ಲಿ ಜವಾಬು ಬೇರೆಯೇ. ಪೂರ್ವವೂ ಅಲ್ಲ, ಯಾವ ಸಮುದ್ರವೂ ಅಲ್ಲ. ಶಿವಾಲಿಕ್ ಬೆಟ್ಟದಲ್ಲಿ ಹುಟ್ಟಿ ರಾಜಸ್ಥಾನದ ಮರಳಿನಲ್ಲಿ ಇಂಗಿಹೋಗುತ್ತದೆ. ಆಮೇಲೆ ಸಂಗ್ರೂರಿನ ತನಕ ರೊಟ್ಟಿ ತಟ್ಟಿದಂಥ ನೆಲ. ಗೇರ್ ಬದಲಿಸುವ ಕೆಲಸವೇ ಇಲ್ಲ.

ಈಗ ನೀಲಿ ದಾರ ತೆಗೆಯಿರಿ. ಕೃಷ್ಣೆಗೆ ಮೂರೂವರೆ ಗೇಣು, ಗೋದಾವರಿಗೆ ಮೂರೂ ಮುಕ್ಕಾಲಿಗಿಂತ ಒಂದು ಬೆರಳು ಕಡಿಮೆ, ನರ್ಮದೆಗೆ ಮೂರೂ ಕಾಲು, ಗಂಗೆಗೆ ಆರೂ ಕಾಲು ಗೇಣು ಕತ್ತರಿಸಿ. ಬಿಗಿಯಾಗಿ ಎಳೆಯಬೇಡಿ. ನದಿ ಡೊಂಕಾಗಿ ಹೋಗುತ್ತದೆ, ದಾರವೂ ಡೊಂಕಾಗಿಯೇ ಕೂರಲಿ. ಕಲ್ಲುಗಳನ್ನು ಪಶ್ಚಿಮ ಘಟ್ಟಕ್ಕೆ ಒತ್ತೊತ್ತಾಗಿ, ಪೂರ್ವ ಘಟ್ಟಕ್ಕೆ ಬಿಡಿಬಿಡಿಯಾಗಿ ಇಡಿ. ಪೂರ್ವ ಘಟ್ಟವನ್ನು ನದಿಗಳು ಅಲ್ಲಲ್ಲಿ ಕೊರೆದುಕೊಂಡು ಹೋಗಿವೆ. ಹೋಗಿ ಸಮುದ್ರದ ಬಾಯಲ್ಲಿ ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ ನಾಲ್ಕೂ ಮಣ್ಣು ಹಾಸಿ ಭತ್ತದ ನೆಲ ಮಾಡಿವೆ.

ರಸ್ತೆ ಮುಟ್ಟದ ಜಾಗಗಳು

ಹಿಮಾಲಯದ ಬಗ್ಗೆ ನನ್ನ ಅನುಭವ ಕಡಿಮೆ, ಸೇಬು ತರಲು ಹೋದದ್ದು ಎರಡು ಸಲ ಅಷ್ಟೇ. ಮೂರು ಮೆಟ್ಟಿಲು ಅಂತ ನೆನಪಿಡಿ: ಕೆಳಗೆ ಶಿವಾಲಿಕ್, ನಡುವೆ ಹಿಮಾಚಲ, ಮೇಲೆ ಹಿಮಾದ್ರಿ. ಸಿಕ್ಕಿಂನ ಕಾಂಚನಜುಂಗಾ 8,586 ಮೀಟರ್. ಇದು ಎಳೆಯ ಪರ್ವತ, ಇನ್ನೂ ಬೆಳೆಯುತ್ತಿದೆ, ಅದಕ್ಕೇ ಅಲ್ಲಿ ಭೂಕುಸಿತ ಜಾಸ್ತಿ. ದಕ್ಷಿಣದಲ್ಲಿ ಎತ್ತರದ ಆನಮುಡಿ 2,695 ಮೀಟರ್. ಮೂರು ಆನಮುಡಿ ಒಂದರ ಮೇಲೊಂದು ಇಟ್ಟರೂ ಕಾಂಚನಜುಂಗಾ ಮುಟ್ಟುವುದಿಲ್ಲ.

ಈಶಾನ್ಯಕ್ಕೆ ಹೋಗುವ ದಾರಿ ಮಾತ್ರ ಚೆನ್ನಾಗಿ ಬಲ್ಲೆ. ಸಿಲಿಗುರಿಯ ಹತ್ತಿರ ದೇಶ ಸಣಕಲಾಗಿ ಸುಮಾರು 22 ಕಿ.ಮೀ. ಅಗಲ ಉಳಿಯುತ್ತದೆ. ಒಂದು ಕಡೆ ನೇಪಾಳ, ಇನ್ನೊಂದು ಕಡೆ ಬಾಂಗ್ಲಾದೇಶ. ವಿಜಯಪುರದಿಂದ ಧೂಳಖೇಡದಷ್ಟು ದೂರವೂ ಇಲ್ಲ. ಎಲ್ಲ ಡ್ರೈವರುಗಳೂ ಅದನ್ನು ಕೋಳಿ ಕುತ್ತಿಗೆ ಅನ್ನುತ್ತಾರೆ. ಅಂಗಳದ ನಕ್ಷೆಯಲ್ಲಿ ಅದು ಒಂದು ಬೆರಳಿನಷ್ಟೂ ಆಗುವುದಿಲ್ಲ, ಚಾಕ್ ಗೆರೆ ಎಳೆದರೆ ಮುಚ್ಚಿಹೋಗುತ್ತದೆ. ಅದರಾಚೆ ಬ್ರಹ್ಮಪುತ್ರ. ಟಿಬೆಟ್ಟಿನಲ್ಲಿ ಪೂರ್ವಕ್ಕೆ ಹರಿದು, ಅರುಣಾಚಲದಲ್ಲಿ ತಿರುಗಿ, ಅಸ್ಸಾಂನಲ್ಲಿ ಪಶ್ಚಿಮಕ್ಕೆ ಬರುತ್ತದೆ. ಗುವಾಹಾಟಿಯ ಸರಾಯಿಘಾಟ್ ಸೇತುವೆಯ ಮೇಲೆ ನಿಂತು ನೋಡಿದಾಗ ನಮ್ಮ ಕೊಲ್ಹಾರದ ಹಿನ್ನೀರನ್ನು ಇನ್ನು ಸಮುದ್ರ ಅನ್ನಬಾರದು ಅನಿಸಿತು.

ಅಂಡಮಾನ್ ನಿಕೋಬಾರನ್ನು ಎಡದಿಂದ ಆರು ಗೇಣಿನ ಆಚೆ ಇಡಿ. ಅದರ ಬಾಲ ಕೆಳಗೆರೆಗಿಂತಲೂ ಕೆಳಗೆ ಇಳಿಯಬೇಕು. ಇಂದಿರಾ ಪಾಯಿಂಟ್ ಕನ್ಯಾಕುಮಾರಿಗಿಂತ ದಕ್ಷಿಣಕ್ಕಿದೆ. ಅಲ್ಲಿನ ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟರು. ಮೊಮ್ಮಗಳು ಅದನ್ನು ನಮ್ಮೂರಿನ ಬ್ರಾಂಚ್ ಅನ್ನುತ್ತಾಳೆ. ಲಕ್ಷದ್ವೀಪ ಹವಳದ ದ್ವೀಪ, ಕೇರಳದ ಎಡಕ್ಕೆ ನಾಲ್ಕು ಕಾಳು ಚೆಲ್ಲಿದರೆ ಸಾಕು.

ಈಗ ರಾಜ್ಯಗಳು

ನೆಲ ಮುಗಿದ ಮೇಲೆ ಗಡಿ. 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಅಕಾರಾದಿಯಲ್ಲಿ ಓದಿದರೆ ನೆನಪಿರುವುದಿಲ್ಲ. ನೆಲ ಹಿಡಿದು ಎಣಿಸಿ. ಸಮುದ್ರ ಮುಟ್ಟುವವು ಒಂಬತ್ತು, ಎಡಗಡೆಯಿಂದ ಕರಾವಳಿ ಹಿಡಿದು ಸುತ್ತಿ: ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ಒಡಿಶಾ, ಪಶ್ಚಿಮ ಬಂಗಾಳ. ಬೆಟ್ಟದವು ಮೂರು: ಹಿಮಾಚಲ, ಉತ್ತರಾಖಂಡ, ಸಿಕ್ಕಿಂ. ಬಯಲಿನವು ನಾಲ್ಕು: ಪಂಜಾಬ್, ಹರಿಯಾಣ, ಉತ್ತರಪ್ರದೇಶ, ಬಿಹಾರ. ನಡುವಿನವು ಐದು: ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಡ, ಜಾರ್ಖಂಡ್, ತೆಲಂಗಾಣ. ಕೋಳಿ ಕುತ್ತಿಗೆಯ ಆಚೆ ಏಳು: ಅಸ್ಸಾಂ, ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯ. ಕೂಡಿಸಿ, 28 ಆಯಿತು.

ಕೇಂದ್ರಾಡಳಿತ ಎಂಟರಲ್ಲಿ ದಿಲ್ಲಿ, ಚಂಡೀಗಡ, ಜಮ್ಮು ಕಾಶ್ಮೀರ, ಲಡಾಖ್ ಮೇಲುಗಡೆ. ಅಂಡಮಾನ್, ಲಕ್ಷದ್ವೀಪ ನೀರಿನಲ್ಲಿ. ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಗುಜರಾತಿನ ಮಗ್ಗುಲಲ್ಲಿ, 2020ರ ಜನವರಿಯಲ್ಲಿ ಎರಡನ್ನು ಒಂದು ಮಾಡಿದರು. ಎಂಟನೆಯದು ಪುದುಚೇರಿ, ನಾಲ್ಕು ಕಡೆ ಚೆಲ್ಲಿದೆ: ಪುದುಚೇರಿ ಮತ್ತು ಕಾರೈಕಲ್ ತಮಿಳುನಾಡಿನ ಒಳಗೆ, ಯಾನಂ ಆಂಧ್ರದೊಳಗೆ, ಮಾಹೆ ಕೇರಳದೊಳಗೆ. ಫ್ರೆಂಚರ ಕೈಯಲ್ಲಿದ್ದ ಚೂರುಗಳು ಅವು.

ಗಡಿ ಯಾಕೆ ಇಲ್ಲೇ ಬಂತು ಅಂತ ಮಕ್ಕಳು ಕೇಳುತ್ತಾರೆ. ನಮ್ಮ ಮನೆಯ ಉದಾಹರಣೆ ಕೊಡುತ್ತೇನೆ. ನಮ್ಮಪ್ಪ ಹುಟ್ಟಿದ್ದು ಬಾಂಬೆ ಪ್ರಾಂತ್ಯದ ಬಿಜಾಪುರದಲ್ಲಿ. 1956ರ ನವೆಂಬರ್ 1ಕ್ಕೆ ಭಾಷೆಯ ಮೇಲೆ ರಾಜ್ಯ ಮಾಡಿದರು, ನಾನು ಹುಟ್ಟಿದ್ದು ಮೈಸೂರು ರಾಜ್ಯದ ಬಿಜಾಪುರದಲ್ಲಿ. 1973ಕ್ಕೆ ಹೆಸರು ಬದಲಾಯಿತು, ಮಗ ಹುಟ್ಟಿದ್ದು ಕರ್ನಾಟಕದ ಬಿಜಾಪುರದಲ್ಲಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹೋಯಿತು. 2014ರಲ್ಲಿ ಊರು ವಿಜಯಪುರವಾಯಿತು, ಚಿಕ್ಕ ಮೊಮ್ಮಗ ಹುಟ್ಟಿದ್ದು ಆಮೇಲೆ. ಮನೆ ಮಾತ್ರ ಅದೇ, ಹಿತ್ತಲಿನ ಬೇವಿನ ಮರವೂ ಅದೇ.

ರಸ್ತೆಯಲ್ಲಿ ಹೋಗುವಾಗ ರಾಜ್ಯ ಬದಲಾದದ್ದು ಅಂಗಡಿ ಬೋರ್ಡಿನ ಅಕ್ಷರದಿಂದ ಗೊತ್ತಾಗುತ್ತದೆ. ಬೆಳಗಾವಿ ಕಡೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಗಡಿಯ ಎರಡೂ ಕಡೆ ಎರಡೂ ಅಕ್ಷರ. ಮಹಾರಾಷ್ಟ್ರ ಹೊಕ್ಕ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಹರಿಯಾಣ ಎಲ್ಲ ಒಂದೇ ಅಕ್ಷರ. ಆಗ ನಂಬರ್ ಪ್ಲೇಟ್ ನೋಡಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ಮಕ್ಕಳನ್ನು ನಿಲ್ಲಿಸಿ ಹೊರರಾಜ್ಯದ ಲಾರಿ ಎಣಿಸಲು ಹೇಳಿ. ಕೆಎ 28 ನಾವು, 29 ಬಾಗಲಕೋಟೆ, 22 ಬೆಳಗಾವಿ, 48 ಜಮಖಂಡಿ. ಪ್ಲೇಟಿನಲ್ಲಿ ಇತಿಹಾಸವೂ ಇದೆ. ಒಡಿಶಾದ್ದು ಮೊದಲು ಓಆರ್, ಈಗ ಓಡಿ. ಉತ್ತರಾಖಂಡದ್ದು ಯುಎ ಇತ್ತು, ಯುಕೆ ಆಯಿತು, ಯಾಕೆಂದರೆ 2000ದಲ್ಲಿ ಹುಟ್ಟಿದಾಗ ಅದರ ಹೆಸರು ಉತ್ತರಾಂಚಲ. ತೆಲಂಗಾಣ 2014ರ ಜೂನ್ 2ಕ್ಕೆ ಹುಟ್ಟಿ ಟಿಎಸ್ ಹಾಕಿಕೊಂಡಿತು, 2024ರಿಂದ ಟಿಜಿ. ಒಂದೇ ರಾಜ್ಯದ ಹಳೇ ಲಾರಿಯ ಮೇಲೆ ಎಪಿ, ಸ್ವಲ್ಪ ಹೊಸದರ ಮೇಲೆ ಟಿಎಸ್, ಹೊಚ್ಚ ಹೊಸದರ ಮೇಲೆ ಟಿಜಿ ಕಾಣಬಹುದು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮುಂಚೆ ರಾಜ್ಯದ ಗಡಿ ನಮಗೆ ಮೈಮೇಲೆ ಗೊತ್ತಾಗುತ್ತಿತ್ತು. ಒಂದು ಚೆಕ್‌ಪೋಸ್ಟಿನಲ್ಲಿ ಕಾಗದದ ಒಂದು ಅಕ್ಷರ ತಪ್ಪಿದೆ ಅಂತ ಒಂದೂವರೆ ದಿನ ನಿಲ್ಲಿಸಿದ್ದರು, ಹಿಂದೆ ನಿಂಬೆಹಣ್ಣು ಕೊಳೆಯುತ್ತಿತ್ತು. ಹೆದ್ದಾರಿ ಕೇಂದ್ರದ್ದು, ಅದರ ಮೇಲೆ ನಿಂತ ಪೊಲೀಸ್ ರಾಜ್ಯದವನು, ತೆರಿಗೆಯವನು ಇನ್ನೊಬ್ಬ. ಕೇಂದ್ರಪಟ್ಟಿ ರಾಜ್ಯಪಟ್ಟಿ ಅಂತ ಪೌರನೀತಿ ಪುಸ್ತಕದಲ್ಲಿ ಬರುವುದು ಇದೇ.

ಊರಿನ ಹೆಸರು ಬರೆಯುವಾಗ ರಾಜ್ಯವನ್ನೂ ಬರೆಯಿರಿ. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ನಾಗಪುರದಲ್ಲಿ ಪಂಪಿನ ಸಾಮಾನು ತುಂಬಿಸಿ ಚೀಟಿಯಲ್ಲಿ ಬಿಜಾಪುರ ಅಂತ ಬರೆದುಕೊಟ್ಟರು. ಸ್ವಂತ ಊರಿನ ಲೋಡು ಅಂತ ಖುಷಿಯಿಂದ ಹಾಡು ಹೇಳಿಕೊಂಡು ಮನೆಗೆ ಬಂದೆ. ಮೂರನೇ ದಿನ ಫೋನು. ಅವರಿಗೆ ಬೇಕಾಗಿದ್ದು ಛತ್ತೀಸಗಡದ ಬಿಜಾಪುರ! ಔರಂಗಾಬಾದ್ ಬಿಹಾರದಲ್ಲೂ ಇದೆ, ಮಹಾರಾಷ್ಟ್ರದ್ದಕ್ಕೆ ಹೆಸರು ಬದಲಾದದ್ದು ಈಚೆಗೆ. ಬಿಲಾಸಪುರ ಹಿಮಾಚಲದಲ್ಲೂ ಛತ್ತೀಸಗಡದಲ್ಲೂ ಇದೆ. ಹಮೀರಪುರ ಹಿಮಾಚಲದಲ್ಲೂ ಉತ್ತರಪ್ರದೇಶದಲ್ಲೂ ಇದೆ.

ಜೋಳ ಎಲ್ಲಿ ಗುಂಪಾಗುತ್ತದೆ

ಕೊನೆಗೆ ಜೋಳದ ಬಟ್ಟಲು ತೆಗೆಯಿರಿ. ಲೋಕಸಭೆಯಲ್ಲಿ 543 ಸ್ಥಾನ. 543 ಕಾಳು ಎಣಿಸಿ. (ನಮ್ಮ ಮನೆಯಾಕೆ ಇದಕ್ಕೆ ಬೈದಳು. ಆಮೇಲೆ ಗುಬ್ಬಿಗಳು ಬಂದು ಅರ್ಧ ಸಂಸತ್ತನ್ನು ತಿಂದಾಗ ಇನ್ನೊಂದು ಸಲ ಬೈದಳು. ಬಾಗಿಲು ಮುಚ್ಚಿದ ಪಡಸಾಲೆಯಲ್ಲಿ ಮಾಡಿದರೆ ಒಳ್ಳೆಯದು.) ಉತ್ತರಪ್ರದೇಶಕ್ಕೆ 80, ಮಹಾರಾಷ್ಟ್ರಕ್ಕೆ 48, ಪಶ್ಚಿಮ ಬಂಗಾಳಕ್ಕೆ 42, ಬಿಹಾರಕ್ಕೆ 40, ತಮಿಳುನಾಡಿಗೆ 39, ಮಧ್ಯಪ್ರದೇಶಕ್ಕೆ 29, ನಮಗೆ 28, ಗುಜರಾತಿಗೆ 26, ರಾಜಸ್ಥಾನ ಮತ್ತು ಆಂಧ್ರಕ್ಕೆ ತಲಾ 25. ಹೀಗೆ ಹಾಕುತ್ತಾ ಹೋಗಿ. ಸಿಕ್ಕಿಂ, ನಾಗಾಲ್ಯಾಂಡ್, ಮಿಜೋರಾಂಗೆ ಒಂದೊಂದೇ ಕಾಳು.

ಹಾಕಿ ಮುಗಿದ ಮೇಲೆ ಎದ್ದು ನಿಂತು ನೋಡಿ. ಗಂಗೆಯ ದಾರದ ಎರಡೂ ಬದಿಗೆ ಕಾಳು ರಾಶಿ ಬಿದ್ದಿರುತ್ತದೆ. ಉತ್ತರಪ್ರದೇಶ, ಬಿಹಾರ, ಬಂಗಾಳ ಮೂರರದ್ದೇ 162. ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡ ರಾಜಸ್ಥಾನದಲ್ಲಿ ಕಾಳು ದೂರದೂರ. ಲಡಾಖ್ ದೇಶದಲ್ಲೇ ಅತಿ ದೊಡ್ಡ ಕ್ಷೇತ್ರ, ಒಂದೇ ಕಾಳು. ನದಿಗಳು ಹಿಮಾಲಯದಿಂದ ತಂದು ಹಾಸಿದ ಮೆತ್ತನೆಯ ಮಣ್ಣಿನಲ್ಲಿ ಎರಡು ಮೂರು ಬೆಳೆ. ಬೆಳೆ ಇದ್ದಲ್ಲಿ ಜನ. ಜನ ಇದ್ದಲ್ಲಿ ಸೀಟು. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಅಜ್ಜಾ, ದಿಲ್ಲಿ ಸರ್ಕಾರವನ್ನೂ ನೀರೇ ಮಾಡುತ್ತದಲ್ಲಾ" ಅಂದಳು.

ಕಲಿತದ್ದು ಕೂತಿದೆಯೋ ಇಲ್ಲವೋ ಅಂತ ನೋಡಲು ನಾನು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ನಮ್ಮ ಬಚ್ಚಲ ನೀರು ಯಾವ ಸಮುದ್ರಕ್ಕೆ? (ಡೋಣಿಗೆ ಹೋದರೂ ಭೀಮೆಗೆ ಹೋದರೂ ಕೊನೆಗೆ ಕೃಷ್ಣೆ, ಆಮೇಲೆ ಬಂಗಾಳ ಕೊಲ್ಲಿ.) ಸಮುದ್ರ ನೋಡದೆ ಗುಜರಾತಿನಿಂದ ಬಿಹಾರಕ್ಕೆ ಹೋಗಬೇಕು, ಯಾವ ಯಾವ ರಾಜ್ಯ? ಕರ್ನಾಟಕಕ್ಕೆ ತಾಗಿದ ಆರು ರಾಜ್ಯ ಯಾವುವು? ಮೇಘಾಲಯಕ್ಕೆ ತಾಗಿದ ಒಂದೇ ರಾಜ್ಯ ಯಾವುದು? ಕೊನೆಯದಕ್ಕೆ ಅಸ್ಸಾಂ ಅಂತ ತಟ್ಟನೆ ಬರಬೇಕು.

ನಕ್ಷೆಯನ್ನು ಉಳಿಸಿಕೊಳ್ಳಲು ಹೋಗಬೇಡಿ. ಬೆಳಿಗ್ಗೆ ಕಸ ಗುಡಿಸಿ ನೀರು ಹಾಕಿದರೆ ಹೋಗುತ್ತದೆ, ಹೋಗಲಿ, ಮತ್ತೆ ಬರೆಯಿರಿ. ನಾವು ಹನ್ನೊಂದು ಸಲ ಬರೆದೆವು. ಹನ್ನೊಂದನೇ ಸಲ ನಾನು ಅಳೆಯಲು ಬಗ್ಗಿದಾಗ ಮೊಮ್ಮಗಳು ಕೈ ತಡೆದಳು. ಎತ್ತರ, ಅಗಲ ಎರಡನ್ನೂ ತನ್ನ ಗೇಣಿನಲ್ಲೇ ಅಳೆದಳು. ದೇಶ ಸ್ವಲ್ಪ ಚಿಕ್ಕದಾಯಿತು. ವಿಜಯಪುರ ಮಾತ್ರ ಸರಿಯಾದ ಜಾಗದಲ್ಲೇ ಕೂತಿತ್ತು.